ಅಂಗೈಯ ಮೇಲಿನ ಸರಸ್ವತಿ: 1823ರ ಬಳ್ಳಾರಿ ಜಿಲ್ಲೆಯಲ್ಲಿ ಮಠಕ್ಕೆ ಹೋಗುವ ದಾರಿ

ಶಿಕ್ಷಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮಗು ಗುರುವಿನ ಎದುರು ಕುಳಿತಲ್ಲಿಂದ ತಮ್ಮ ನಿರೂಪಣೆಯನ್ನು ಆರಂಭಿಸುತ್ತಾರೆ. ಓದುತ್ತಿದ್ದ ಗ್ರಂಥಗಳಾವುವು, ಬೋಧನಕ್ರಮ ಹೇಗಿತ್ತು, ಗುರುವಿಗೆ ಸಲ್ಲುತ್ತಿದ್ದ ವೃತ್ತಿ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಬರಹಗಳು ಕನ್ನಡದಲ್ಲಿಯೂ ಸಾಕಷ್ಟಿವೆ. ಆ ಮಗು ಬೆಳಗ್ಗೆ ಎದ್ದು ಮನೆಯಿಂದ ಹೊರಟು ಗುರುವಿನ ಬಾಗಿಲಿಗೆ ಬಂದುದು ಹೇಗೆ, ಯಾರ ಜೊತೆಯಲ್ಲಿ, ಏನನ್ನು ಹೊತ್ತು ಎಂಬುದು ಮಾತ್ರ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಮನೆಗೂ ಶಾಲೆಗೂ ನಡುವಣ ಈ ದಾರಿಯನ್ನು ಕುರಿತು ಯೋಚಿಸುವಾಗ ನಮಗೆ ದೊರೆಯುವ ಅತ್ಯಂತ ಸ್ಪಷ್ಟವಾದ ಚಿತ್ರ ಕನ್ನಡ ನೆಲದ್ದೇ ಆಗಿದೆ. ಅದನ್ನು ಬರೆದಿಟ್ಟವನು ಇಂಗ್ಲಿಷ್ ಕಂಪನಿಯ ಒಬ್ಬ ಅಧಿಕಾರಿ. ಅದು ಸೇರಿದ್ದು ಮದರಾಸಿನ ದಫ್ತರಕ್ಕೆ.

1822ರ ಜೂನ್ 25ರಂದು ಮದರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳಲ್ಲಿದ್ದ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಿದನು. ಶಾಲೆಗಳೆಷ್ಟು, ಓದುವವರೆಷ್ಟು, ಅವರ ಜಾತಿ ಯಾವುದು, ಗಂಡೆಷ್ಟು, ಹೆಣ್ಣೆಷ್ಟು ಎಂಬುದಕ್ಕೆ ಅಂಕಣಗಳನ್ನು ಹಾಕಿದ ನಮೂನೆಯೊಂದು ಕಲೆಕ್ಟರರಿಗೆಲ್ಲ ಹೋಯಿತು. ಹಲವರು ಅಂಕಿಗಳನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. 1816ರಲ್ಲಿಯೇ ತೆಲುಗಿಗೆ ವ್ಯಾಕರಣವನ್ನು ಬರೆದಿದ್ದ ಆತ ಭಾಷಾಸಕ್ತನಾಗಿದ್ದನು. 1823ರ ಆಗಸ್ಟ್ 17ರಂದು ಅವನು ಬರೆದ ದೀರ್ಘ ಪತ್ರ ಅಂಕಿಗಳಾಚೆಗೂ ಹೋಗಿ ಊರಿನ ಮಠವೊಂದರ ಒಳಗನ್ನು ನಮಗೆ ತೋರಿಸುತ್ತದೆ. ಧರಂಪಾಲರು 1983ರಲ್ಲಿ ಈ ಕಾಗದಪತ್ರಗಳನ್ನು ಸಂಕಲಿಸಿ ಪ್ರಕಟಿಸಿದ ಮೇಲೆ ಇವು ಸಂಶೋಧಕರಿಗೆಲ್ಲ ಪರಿಚಿತವಾಗಿವೆ.

ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ವಿಸ್ತಾರವಾಗಿತ್ತು. 1882ರಲ್ಲಿ ಪ್ರತ್ಯೇಕಗೊಂಡ ಅನಂತಪುರವೂ ಅದರಲ್ಲಿಯೇ ಸೇರಿದ್ದಿತು. ಒಟ್ಟು 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ ಮತ್ತು ಸಂಸ್ಕೃತದವು ತಲಾ 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದು. ಓದುವವರು 6,641. ಎಂದರೆ ಒಂದು ಮಠಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡು ಎಂಬ ಸಂಖ್ಯೆಯನ್ನು ಓದುಗರು ದಯಮಾಡಿ ನೆನಪಿನಲ್ಲಿಡಬೇಕು.

ಮಠ ತೆರೆಯುವುದು ಬೆಳಗ್ಗೆ ಆರು ಗಂಟೆಗೆ. ಮೊದಲು ಒಳಗೆ ಬಂದ ಮಗುವಿನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಅದು ಗೌರವದ ಗುರುತು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಅಲ್ಲ. ಮೂರನೆಯವನಿಗೆ ಹಗುರವಾದ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಕ್ಯಾಂಪ್‌ಬೆಲ್ ಇದನ್ನು ದೇಶೀಯ ಶಾಲೆಗಳ ಕಠಿಣ ಶಿಕ್ಷೆಗಳ ಪ್ರಸ್ತಾಪದೊಡನೆ ಹೇಳಿ ಮುಂದೆ ಸಾಗುತ್ತಾನೆ. ಅವನನ್ನು ಅನುಸರಿಸಿದವರೂ ಇದನ್ನು ಶಿಕ್ಷೆಯ ಪ್ರಕರಣದಲ್ಲಿಯೇ ಸೇರಿಸಿದ್ದಾರೆ. ಇದು ಶಿಕ್ಷೆಗಿಂತ ಹೆಚ್ಚಾಗಿ ದಾರಿಗೆ ಸಂಬಂಧಿಸಿದ ದಾಖಲೆ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಹನ್ನೆರಡು ಮಕ್ಕಳ ಮಠದಲ್ಲಿ ಕೊನೆಗೆ ಬಂದವನಿಗೆ ಹತ್ತು ಏಟು. ಎಲ್ಲರದೂ ಕೂಡಿ ಪ್ರತಿದಿನ ಬೆಳಗ್ಗೆ ಐವತ್ತೈದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಏಟು ತಡವಾಗಿ ಬಂದುದಕ್ಕಲ್ಲ, ಹಿಂದೆ ಬಿದ್ದುದಕ್ಕೆ. ಹನ್ನೆರಡು ಮಕ್ಕಳೂ ಸೂರ್ಯೋದಯಕ್ಕೆ ಮುಂಚೆಯೇ ಬಂದು ಸೇರಿದರೂ ಹನ್ನೆರಡನೆಯವನಿಗೆ ಹತ್ತು ಏಟು ತಪ್ಪುವುದಿಲ್ಲ. ಗಡಿಯಾರವಿಲ್ಲದ ಊರಿನಲ್ಲಿ ಒಬ್ಬ ಮಗುವಿನ ಹೊತ್ತನ್ನು ಇನ್ನೊಂದು ಮಗುವಿನ ಕಾಲುಗಳಿಂದ ಅಳೆಯುವ ಏರ್ಪಾಡು ಇದು. ಇಂಥ ಏರ್ಪಾಡು ನಡೆಯಬೇಕಾದರೆ ಮಕ್ಕಳೆಲ್ಲರ ಮನೆಗಳೂ ಮಠದಿಂದ ಹೆಚ್ಚುಕಡಮೆ ಸಮೀಪದಲ್ಲಿರಬೇಕು. ಎರಡು ಮೈಲಿಯಿಂದ ಬರುವ ಹುಡುಗ ಪಕ್ಕದ ಮನೆಯ ಹುಡುಗನೊಡನೆ ಓಡಿ ಗೆಲ್ಲಲಾರ. ಅವನು ನಿತ್ಯವೂ ಪೆಟ್ಟು ತಿಂದು ನಾಲ್ಕೇ ದಿನಗಳಲ್ಲಿ ಮಠ ಬಿಟ್ಟಾನು. ಆದುದರಿಂದ ಅಂಗೈಯ ಸರಸ್ವತಿ ಹನ್ನೆರಡು ಮನೆಗಳ ಸುತ್ತಳತೆಯೊಳಗೆ ಬಾಳುತ್ತಿದ್ದ ಒಂದು ಪುಟ್ಟ ಸಂಸ್ಥೆಯನ್ನು ಸೂಚಿಸುತ್ತದೆ. ಮನ್ರೊನ ನಮೂನೆಯಲ್ಲಿ ದೂರಕ್ಕೆಂದು ಅಂಕಣವಿರಲಿಲ್ಲ; ಅದರ ಅಗತ್ಯವೂ ಇರಲಿಲ್ಲವೆಂದು ತೋರುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನು ಅನುಸರಿಸಿ ಬಂದ ನಿಯಮಗಳು ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯದರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಅಳತೆ ಹಾಕಿದವು. ದೂರವನ್ನು ಅಳೆಯುವುದು ಸರ್ಕಾರವೇ ಶಾಲೆಯನ್ನು ಕಟ್ಟಲು ತೊಡಗಿದ ಮೇಲೆ ಬಂದ ಚಿಂತೆ.

ಇಲ್ಲಿಯೇ ಒಂದು ಮಾತನ್ನು ಸೇರಿಸಬಹುದು. ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಿಗೆ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಬರುತ್ತಿದ್ದರು. ಅವರಲ್ಲಿ ಮೊದಲು ಬರುವವನು ಯಾರೆಂಬುದನ್ನು ನಿರ್ಧರಿಸುತ್ತಿದ್ದುದು ಕಾಲಿನ ವೇಗವಲ್ಲ, ಯಜಮಾನನ ಅಪ್ಪಣೆ. ಬಳ್ಳಾರಿಯ ಮಠದ ನಿಯಮವನ್ನು ಅಲ್ಲಿ ಜಾರಿಗೊಳಿಸಿದ್ದರೆ ಏಟು ಯಾರಿಗೆ ಬೀಳಬೇಕಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ದಾರಿಯ ಮೊದಲ ಹೆಜ್ಜೆಯನ್ನು ಕುರಿತು ಕ್ಯಾಂಪ್‌ಬೆಲ್ ಕೊಡುವ ವಿವರ ಇನ್ನೂ ಸ್ವಾರಸ್ಯಕರವಾದುದು. ಮಗುವಿಗೆ ಐದು ವರ್ಷವಾದಾಗ ತಂದೆತಾಯಿಗಳು ಗುರುವನ್ನೂ ಮಠದ ಮಕ್ಕಳೆಲ್ಲರನ್ನೂ ಮನೆಗೆ ಕರೆಯುತ್ತಾರೆ. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕುಳಿತಿರಲು, ಅಕ್ಷರಾಭ್ಯಾಸಕ್ಕೆ ತೊಡಗುವ ಮಗುವನ್ನು ದೇವರ ಎದುರಿಗೆ ಕುಳ್ಳಿರಿಸಿ, ಧೂಪ ನೈವೇದ್ಯಗಳಾದ ಮೇಲೆ ಗುರುವು ಪ್ರಾರ್ಥನೆಯನ್ನು ಹೇಳಿಕೊಡುತ್ತಾನೆ. ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಸುತ್ತಾನೆ. ಉಡುಗೊರೆ ಪಡೆದು ಹಿಂದಿರುಗುತ್ತಾನೆ. ಮರುದಿನ ಬೆಳಗ್ಗೆಯಿಂದ ಮಗು ಮಠಕ್ಕೆ ಹೋಗಬೇಕು. ಎಂದರೆ ಮೊದಲು ನಡೆದು ಬರುವುದು ಮಗುವಲ್ಲ, ಮಠವೇ ಮಗುವಿನ ಮನೆಗೆ ನಡೆದು ಬರುತ್ತದೆ. ಮಾರನೆಯ ದಿನ ಆ ದಾರಿಯಲ್ಲಿ ಹೊರಟ ಮಗುವಿಗೆ ಅತ್ತ ಕಡೆ ಕಾದಿರುವ ಮುಖಗಳೆಲ್ಲವೂ ಆಗಲೇ ಪರಿಚಿತ.

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಸುಮೇರಿಯದ ಮಣ್ಣಿನ ಹಲಗೆಗಳಿಂದ ಸ್ಯಾಮುಯೆಲ್ ನೋವಾ ಕ್ರೇಮರ್ 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಕೃತಿಯೊಂದರಲ್ಲಿ ಇದರ ವಿಪರ್ಯಾಸವೆನ್ನಬಹುದಾದ ಪ್ರಸಂಗವಿದೆ. ಅಲ್ಲಿನ ಹುಡುಗನು ತಡವಾದೀತೆಂಬ ಭಯದಿಂದ ಏಳುತ್ತಾನೆ, ತಾಯಿ ಕೊಟ್ಟ ಎರಡು ರೊಟ್ಟಿಗಳನ್ನು ತೆಗೆದುಕೊಂಡು ಶಾಲೆಗೆ ಹೋಗುತ್ತಾನೆ, ಒಂದಲ್ಲ ಒಂದು ಕಾರಣಕ್ಕೆ ಪೆಟ್ಟು ತಿನ್ನುತ್ತಾನೆ. ಕೊನೆಗೆ ಗುರುವನ್ನು ಮನೆಗೆ ಕರೆಯುವಂತೆ ತಂದೆಯನ್ನು ಕೇಳಿಕೊಳ್ಳುತ್ತಾನೆ. ಊಟ, ಹೊಸ ಬಟ್ಟೆ, ಉಂಗುರ ಇಷ್ಟೂ ಸಂದ ಮೇಲೆ ಗುರುವಿನ ಬಾಯಲ್ಲಿ ಹೊಗಳಿಕೆ ಹೊರಡುತ್ತದೆ. ಬಳ್ಳಾರಿಯಲ್ಲಿ ಆರಂಭಕ್ಕೆ ಮುಂಚೆ ಸಲ್ಲುವ ಮರ್ಯಾದೆ ಅಲ್ಲಿ ಪೆಟ್ಟಾದ ಮೇಲೆ ಸಲ್ಲುತ್ತದೆ. ಹಾಸ್ಯ ಅಲ್ಲಿನ ಬರಹಗಾರನದು. ನಾವು ಅದರಿಂದ ಹೆಚ್ಚಿನ ತೀರ್ಮಾನ ಮಾಡಬೇಕಾಗಿಲ್ಲ.

ಮಗು ದಾರಿಯಲ್ಲಿ ಏನನ್ನು ಹೊತ್ತಿರುತ್ತದೆ ಎಂಬುದು ಆ ಮಗುವಿನ ಸ್ಥಾನವನ್ನು ಹೇಳಬಲ್ಲದು. ರೋಮಿನ ಅನುಕೂಲಸ್ಥರ ಮಕ್ಕಳ ಹಿಂದೆ ಪುಸ್ತಕದ ಪೆಟ್ಟಿಗೆಯನ್ನು ಹೊತ್ತು ಬರಲು ಒಬ್ಬ ಗುಲಾಮ, ಕಾವಲಿಗೆ ಇನ್ನೊಬ್ಬ ಗುಲಾಮ ಇರುತ್ತಿದ್ದರು. ಮಗುವನ್ನು ಕರೆದೊಯ್ಯುವವನು ಎಂಬ ಅರ್ಥದ ಗ್ರೀಕ್ ಪದವೇ ಮುಂದೆ ಐರೋಪ್ಯ ಭಾಷೆಗಳಲ್ಲಿ ಬೋಧನಶಾಸ್ತ್ರಕ್ಕೆ ಹೆಸರಾಯಿತು. ಬಿಡುಗಡೆ ಹೊಂದಿದ ಗುಲಾಮನ ಮಗನಾದ ಕವಿ ಹೊರೇಸ್ ತನ್ನ ತಂದೆಯೇ ಕಾವಲಾಗಿ ಗುರುಗಳ ಮನೆಮನೆಗೂ ತನ್ನೊಡನೆ ಬರುತ್ತಿದ್ದುದನ್ನು ಕೃತಜ್ಞತೆಯಿಂದ ನೆನೆದಿದ್ದಾನೆ. ತನ್ನ ಊರಿನ ಸೈನ್ಯಾಧಿಕಾರಿಗಳ ಮಕ್ಕಳು ಎಡದೋಳಿಗೆ ಚೀಲವನ್ನೂ ಹಲಗೆಯನ್ನೂ ತಗುಲಿಸಿಕೊಂಡು ಹೋಗುತ್ತಿದ್ದುದನ್ನು ಅವನು ಮರೆತಿರಲಿಲ್ಲ.

ಬಳ್ಳಾರಿಯ ಮಗುವಿಗೆ ಕಾವಲೂ ಇಲ್ಲ, ಹೊರುವವನೂ ಇಲ್ಲ. ಅಲ್ಲಿ ಬಳಕೆಯಲ್ಲಿದ್ದುದು ಹಲಿಗೆ ಮತ್ತು ಕಡತ. ಹಲಿಗೆಯು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ನಯಗೊಳಿಸಿ, ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಸಿದ್ಧ. ಐದಾರು ವರ್ಷದ ಮಗುವಿನ ಎತ್ತರಕ್ಕೆ ಅದು ಅಷ್ಟೇನೂ ಕಡಮೆಯಲ್ಲ. ಕಡತವಾದರೋ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಚಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟದ್ದು, ಕಂಕುಳಲ್ಲಿ ಅಡಗುವಂಥದ್ದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದಾಗಿತ್ತು. ಹಲಿಗೆ, ಕಡತ, ಬಳಪ ಈ ಶಬ್ದಗಳನ್ನು ಕ್ಯಾಂಪ್‌ಬೆಲ್ ತನಗೆ ಕೇಳಿಸಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾನೆ. ಕಡತವೆಂಬುದು ಇಂದು ಕಛೇರಿಗಳಲ್ಲಿ ಮಾತ್ರ ಉಳಿದಿದೆ.

ಮಠದಲ್ಲಿ ಓದುತ್ತಿದ್ದ ಗ್ರಂಥಗಳ ಪಟ್ಟಿಯೂ ಅದೇ ಪತ್ರದಲ್ಲಿದೆ. ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಾಸ ಮಾಡಿದ ನಮ್ಮಂಥವರಿಗೆ ಅದನ್ನು ಹಾಗೆಯೇ ಬಿಟ್ಟು ಹೋಗುವುದು ಸಾಧ್ಯವಾಗದು. ರಾಮಾಯಣ, ಭಾರತ, ಭಾಗವತಗಳಲ್ಲದೆ ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ, ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ. ಹೆಸರುಗಳು ಗುರುತು ಸಿಗದಷ್ಟು ವಿಕೃತಗೊಂಡಿದ್ದರೂ ಇವುಗಳನ್ನು ಹೀಗೆ ಓದಿಕೊಳ್ಳಬಹುದೆಂದು ನಮ್ಮ ತಿಳಿವಳಿಕೆ. ಮಹಲಿಂಗರಂಗನ ಅದ್ವೈತಗ್ರಂಥವೇ ಈ ಅನುಭವಾಮೃತವಾಗಿದ್ದ ಪಕ್ಷದಲ್ಲಿ, ಮಠಗಳ ಓದು ಮತದ ಗೆರೆಗಳನ್ನು ದಾಟುತ್ತಿದ್ದಿತೆಂದು ಹೇಳಬೇಕಾಗುತ್ತದೆ. ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ, ಕಾವ್ಯದ ಭಾಷೆ ಆಡುಮಾತಿಗಿಂತ ಬೇರೆಯಾದುದು ಎಂಬುದು ಕ್ಯಾಂಪ್‌ಬೆಲ್‌ನ ದೂರು. ಹರಿಹರನ ಚಂಪುವನ್ನು ಹತ್ತು ವರ್ಷದ ಹುಡುಗನ ಮುಂದಿಟ್ಟರೆ ಆತ ಗಿಳಿಯಾಗದೆ ಇನ್ನೇನಾದಾನು? ಆದರೂ ಆರು ಶತಮಾನಗಳಷ್ಟು ಹಳೆಯ ಕಾವ್ಯವೊಂದು ಹನ್ನೆರಡು ಮನೆಗಳ ನಡುವಣ ಜಗಲಿಯ ಮೇಲೆ ಬಾಯಿಂದ ಬಾಯಿಗೆ ಬರುತ್ತಿದ್ದಿತೆಂಬ ಸಂಗತಿಯನ್ನು ನಮ್ಮ ಸಾಹಿತ್ಯಚರಿತ್ರೆಗಳು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇದು ದಿನನಿತ್ಯದ ಕಿರುದಾರಿಯ ಮಾತಾಯಿತು. ಇದರ ಪಕ್ಕದಲ್ಲಿಯೇ ಇನ್ನೊಂದು ಉದ್ದನೆಯ ದಾರಿಯಿತ್ತು. ನೆರೆಯ ಕಡಪದ ಕಲೆಕ್ಟರನು 1825ರ ಫೆಬ್ರವರಿಯಲ್ಲಿ ಬರೆದ ವರದಿಯ ಪ್ರಕಾರ, ಬಡ ಬ್ರಾಹ್ಮಣ ಹುಡುಗರು ಹತ್ತರಿಂದ ಹದಿನಾರರ ವಯಸ್ಸಿನಲ್ಲಿ ಮನೆ ಬಿಟ್ಟು, ಹತ್ತರಿಂದ ನೂರು ಮೈಲಿಗಳ ದೂರದ ಊರುಗಳಲ್ಲಿ ಪುಕ್ಕಟೆಯಾಗಿ ಹೇಳಿಕೊಡುವ ಗುರುವನ್ನು ಆಶ್ರಯಿಸುತ್ತಿದ್ದರು. ಗುರು ವಿದ್ಯೆಯನ್ನು ಕೊಡುತ್ತಾನೆ, ಅನ್ನವನ್ನಲ್ಲ. ಅನ್ನಕ್ಕೆ ಊರಿನ ಮನೆಗಳ ಮುಂದೆ ನಿಲ್ಲಬೇಕು. ಹತ್ತನೆಯ ಶತಮಾನದ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ಬಲ್ಲವರಿಗೆ ಇದು ಹೊಸತೆನಿಸದು. ತಂದೆಯನ್ನು ಕಳೆದುಕೊಂಡ ಅಗ್ನಿಭೂತಿ ವಾಯುಭೂತಿಗಳು ಕೌಶಾಂಬಿಯಿಂದ ರಾಜಗೃಹಕ್ಕೆ ಹೋಗಿ ಸೋದರಮಾವನಾದ ಸೂರ್ಯಮಿತ್ರನನ್ನು ಕಾಣುತ್ತಾರೆ. ನಂಟು ತಿಳಿದರೆ ಇವರು ಓದುವುದಿಲ್ಲವೆಂದು ಬಗೆದು ಆತ ತಾನು ಮಾವನೇ ಅಲ್ಲವೆಂದು ಹೇಳಿ, ಭಿಕ್ಷೆ ಬೇಡಿ ಉಂಡು ಓದುವಂತೆ ಮಾಡುತ್ತಾನೆ. ಓದು ಮುಗಿದು ನಿಜ ತಿಳಿದಾಗ ಒಬ್ಬ ಉಪಕಾರವೆಂದು ನೆನೆಯುತ್ತಾನೆ, ಇನ್ನೊಬ್ಬ ದ್ವೇಷ ತಾಳುತ್ತಾನೆ. ಭಿಕ್ಷೆಯ ದಾರಿ ಎಲ್ಲರನ್ನೂ ಒಂದೇ ರೀತಿಯಲ್ಲಿ ಹದಗೊಳಿಸುವುದಿಲ್ಲವೆಂಬ ಅರಿವು ಆ ಕಥೆಗಾರನಿಗಿತ್ತು.

ಈ ಬೇಡುವ ದಾರಿಯನ್ನು ತಪ್ಪಿಸಲೆಂದೇ ಮಧ್ಯಕಾಲದ ದಾನಿಗಳು ಹೊಲ ಮನೆಗಳನ್ನು ಬಿಟ್ಟರು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ಹಲವು ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಭೂಮಿಯಲ್ಲದೆ 27 ಮನೆಗಳೂ ದತ್ತಿಯಾಗಿ ದೊರೆತವು. ದೀಪಕ್ಕೂ ಭೂಮಿ ಇತ್ತು. ಅಲ್ಲಿನ ವಿದ್ಯಾರ್ಥಿಗೆ ದಿನನಿತ್ಯದ ದಾರಿ ಎಂಬುದೇ ಇಲ್ಲ. ದತ್ತಿ ಅದನ್ನು ಅಳಿಸಿಹಾಕಿದೆ. ಬಳ್ಳಾರಿಯ ಮಠಗಳಿಗೆ ಈ ಭಾಗ್ಯವಿರಲಿಲ್ಲ. 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಬರೆಯಲು ತನಗೆ ನಾಚಿಕೆಯಾಗುತ್ತದೆ ಎಂದು ಸ್ವತಃ ಕಲೆಕ್ಟರನೇ ಒಪ್ಪಿಕೊಂಡನು.

ಇನ್ನು ಆ ಕಿರುದಾರಿಯಲ್ಲಿ ಕಾಣದೆ ಹೋದವರ ವಿಚಾರ. ಜಿಲ್ಲೆಯ ಜನಸಂಖ್ಯೆ 9,27,857. ಓದುವವರು ಸಾವಿರಕ್ಕೆ ಏಳು. ಇಂಗ್ಲೆಂಡಿನ ಬಟ್ಟೆ ಬಂದು ಮಗ್ಗಗಳು ನಿಂತವು, ಸಂಪತ್ತು ಹೊರಕ್ಕೆ ಹರಿಯಿತು, ಮೊದಲು ಮಠವಿದ್ದ ಅನೇಕ ಊರುಗಳಲ್ಲಿ ಈಗ ಅದಿಲ್ಲ. ಮಧ್ಯಮರೂ ಬಡವರೂ ಶುಲ್ಕ ತೆರಲಾರರು. ಎಳೆಯ ಕೈಕಾಲುಗಳಿಗೆ ಒಂದಿಷ್ಟು ಶಕ್ತಿ ಬಂದೊಡನೆ ಮನೆಗೆ ಆ ದುಡಿಮೆ ಬೇಕು. ಇದೆಲ್ಲ ಕ್ಯಾಂಪ್‌ಬೆಲ್‌ನ ಮಾತಿನ ಸಾರವೇ. ಬೆಳಗಿನ ಓಟದಲ್ಲಿ ಹನ್ನೆರಡನೆಯವನಾಗಿ ಬರುತ್ತಿದ್ದ ಹುಡುಗ ಹಾದಿಯ ದೂರದಿಂದಲ್ಲ, ದನ ಬಿಚ್ಚಿ ಕಟ್ಟುವ ಕೆಲಸದಿಂದಲೋ ನೂಲು ಸುತ್ತುವ ಕೆಲಸದಿಂದಲೋ ಹಿಂದೆ ಬಿದ್ದಿರಬಹುದು. ಒಂದು ದಿನ ಬಾರದೆಯೇ ಉಳಿದಿರಬಹುದು.

ಹೆಣ್ಣುಮಕ್ಕಳು ಜಿಲ್ಲೆಗೆಲ್ಲ ಅರವತ್ತು. ಹತ್ತು ಮಠಗಳಲ್ಲಿ ಒಂಬತ್ತಕ್ಕೆ ಒಬ್ಬ ಹುಡುಗಿಯಾದರೂ ಬರುತ್ತಿದ್ದಿರಲಾರಳು. ಆ ದಾರಿ ಹನ್ನೆರಡು ಮನೆಗಳಾಚೆಯದಾದರೂ ಹೆಣ್ಣಿಗೆ ನೂರು ಮೈಲಿಯೇ ಆಗಿದ್ದಿತು. 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆ ತೆರೆದಾಗ ದಾರಿಯಲ್ಲಿ ಸಗಣಿ ಕೆಸರುಗಳ ಎಸೆತವನ್ನು ತಡೆದುಕೊಂಡವರು ಶಿಕ್ಷಕಿ ಸಾವಿತ್ರಿಬಾಯಿ ಫುಲೆಯವರೇ. ಮರುವರ್ಷ ಕಲ್ಕತ್ತೆಯಲ್ಲಿ ಆರಂಭವಾದ ಬೆಥೂನ್ ಶಾಲೆಯು ಹುಡುಗಿಯರನ್ನು ಗಾಡಿಯಲ್ಲಿ ಕರೆತರಬೇಕಾಯಿತು. ಗಾಡಿಯ ಮೈಮೇಲೆ ಹೆಣ್ಣುಮಕ್ಕಳ ಶಿಕ್ಷಣವನ್ನು ಸಮರ್ಥಿಸುವ ಸಂಸ್ಕೃತ ಶ್ಲೋಕವನ್ನು ಬರೆಸಬೇಕಾಯಿತು.

ಕ್ಯಾಂಪ್‌ಬೆಲ್‌ನ ಕೋಷ್ಟಕದಲ್ಲಿ ಗಂಡುಮಕ್ಕಳ ಜಾತಿವಾರು ವಿವರವಿದೆ: ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174, ಇವರಲ್ಲದೆ ಮುಸಲ್ಮಾನರು 243. ಧರಂಪಾಲರು ಈ ಬಗೆಯ ಅಂಕಿಗಳನ್ನು ಮುಂದಿಟ್ಟು, ದೇಶೀಯ ಶಾಲೆಗಳು ಮೇಲ್ಜಾತಿಯವರ ಸೊತ್ತಾಗಿರಲಿಲ್ಲವೆಂದು ವಾದಿಸಿದರು. ಶೂದ್ರ ಮಕ್ಕಳ ಸಂಖ್ಯೆಯ ಮಟ್ಟಿಗೆ ಅವರ ವಾದವನ್ನು ನಾವು ಒಪ್ಪುತ್ತೇವೆ, ಅದು ಒಪ್ಪಲೇಬೇಕಾದುದು. ಆದರೆ ‘ಇತರ ಜಾತಿ’ ಎಂಬ ಅಂಕಣ ಊರ ಹೊರಗಿನ ಕೇರಿಯ ಮಗು ಮಠದ ಜಗಲಿಯ ಮೇಲೆ ಕುಳಿತಿತ್ತೆಂಬುದಕ್ಕೆ ಸಾಕ್ಷಿಯಾಗಲಾರದು. ಅಂಗೈಯ ಮೇಲೆ ಹೆಸರು ಬರೆಯಬೇಕಾದರೆ ಗುರುವು ಆ ಕೈಯನ್ನು ಹಿಡಿಯಬೇಕು. ಹಿಡಿಯಲೊಪ್ಪದ ಕೈಗಳಿದ್ದ ಸಮಾಜದಲ್ಲಿ ಬೆಳಗಿನ ಆ ವಿಧಿಯೇ ಒಂದು ಗಡಿಯಾಗಿ ನಿಂತಿರಬೇಕೆಂದು ನಮಗೆ ತೋರುತ್ತದೆ.

ಈ ಗಡಿ ದಾಖಲೆಗಳಲ್ಲಿ ಬಹಿರಂಗವಾಗಿ ಕಾಣಿಸಿಕೊಂಡದ್ದು ಬಳ್ಳಾರಿಯಲ್ಲಲ್ಲ, ಧಾರವಾಡದಲ್ಲಿ. ಸರ್ಕಾರಿ ಶಾಲೆ ಬಂದ ಮೇಲೆ. 1856ರ ಜೂನ್‌ನಲ್ಲಿ ಮಹಾರ್ ಹುಡುಗನೊಬ್ಬ ತನಗೆ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಿದರೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟನು. ಒಬ್ಬನಿಗಾಗಿ ಬಹುಜನರನ್ನು ಶಾಲೆಯಿಂದ ದೂರ ಮಾಡಲಾಗದು ಎಂಬ ಅರ್ಥದ ಉತ್ತರ ಜುಲೈ ತಿಂಗಳಲ್ಲಿಯೇ ಬಂದಿತು. ವಿಷಯ ಕಲ್ಕತ್ತೆಗೂ ಲಂಡನ್ನಿಗೂ ಹೋಗಿ, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಕಂಪನಿಯ ನಿರ್ದೇಶಕರು 1858ರ ಏಪ್ರಿಲ್‌ನಲ್ಲಿ ತಿಳಿಸಿದರು. ಧಾರವಾಡದ ಮನೆಯಿಂದ ಧಾರವಾಡದ ಶಾಲೆಯವರೆಗಿನ ದಾರಿ ಲಂಡನ್ನಿನ ಮೂಲಕ ಹಾದುಹೋಗಬೇಕಾಯಿತು. ಅದಕ್ಕೆ ಎರಡು ವರ್ಷ ಹಿಡಿಯಿತು.

ಬಾಗಿಲು ತೆರೆದ ಮೇಲೂ ದಾರಿ ಒಂದೇ ಆಗಲಿಲ್ಲ. 1891ರಲ್ಲಿ ಹುಟ್ಟಿದ ಅಂಬೇಡ್ಕರರು ತಮ್ಮ ಶಾಲೆಯ ದಿನಗಳನ್ನು ಕುರಿತು ಬರೆದ ನೆನಪುಗಳು 1990ರಲ್ಲಿ ಪ್ರಕಟವಾದವು. ತರಗತಿಯ ಮೂಲೆಯಲ್ಲಿ ಕುಳಿತುಕೊಳ್ಳಲು ಅವರಿಗೆ ಬೇರೆಯೇ ಒಂದು ಗೋಣಿತಾಟು. ಶಾಲೆಯನ್ನು ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಮರುದಿನ ಬೆಳಗ್ಗೆ ಮತ್ತೆ ತರಬೇಕು. ಬಳ್ಳಾರಿಯ ಹುಡುಗನ ಕಂಕುಳಲ್ಲಿ ಕಡತವಿದ್ದರೆ, ಈ ಹುಡುಗನ ಕೈಯಲ್ಲಿ ಪುಸ್ತಕದ ಜೊತೆಗೆ ತಾನು ಕುಳಿತುಕೊಳ್ಳುವ ನೆಲವೂ ಇದ್ದಿತು.

ನಮ್ಮ ಓದುಗರಲ್ಲಿ ಬಹುಮಂದಿ ಕರ್ನಾಟಕದ ಹೊರಗಿರುವವರು. ಬಳ್ಳಾರಿಯು 1953ರಲ್ಲಿಯೂ ಧಾರವಾಡವು 1956ರಲ್ಲಿಯೂ ಮೈಸೂರು ರಾಜ್ಯಕ್ಕೆ ಸೇರಿದರೂ ಅವುಗಳ ಹತ್ತೊಂಬತ್ತನೆಯ ಶತಮಾನದ ಕಾಗದಪತ್ರಗಳು ಹಿಂದಿನ ಪ್ರೆಸಿಡೆನ್ಸಿಗಳ ರಾಜಧಾನಿಗಳಲ್ಲಿಯೇ ಉಳಿದವು. ಮನ್ರೊನ ವಿಚಾರಣೆಯ ಕಡತಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೂ, ಧಾರವಾಡದ ಶಿಕ್ಷಣ ಇಲಾಖೆಯ ವ್ಯವಹಾರಕ್ಕೆ ಮುಂಬಯಿಯ ಪತ್ರಾಗಾರಕ್ಕೂ ಹೋಗಬೇಕು. ಧಾರವಾಡದಲ್ಲೋ ಹಂಪಿಯಲ್ಲೋ ಇರುವ ಸಂಶೋಧಕನಿಗೆ ಅದು ರಾತ್ರಿಯೆಲ್ಲ ಪ್ರಯಾಣ ಮಾಡಬೇಕಾದ ದೂರ. ಈ ಪತ್ರಿಕೆಯನ್ನು ಆ ಎರಡು ನಗರಗಳಲ್ಲಿ ಓದುತ್ತಿರುವವರಿಗೆ ಊರೊಳಗಿನ ಬಸ್ಸಿನ ಹಾದಿ. ಇತರ ಜಾತಿಯವರೆಂದು ಎಣಿಸಲಾದ ಆ 1,174 ಮಕ್ಕಳು ಯಾರೆಂಬುದನ್ನು ಹುಡುಕುವ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.